ಲಿನಕ್ಸ್: ‘ಆವೃತ್ತಿ ಸಿಗಲಿಲ್ಲ’ ಎಂದಾಗ ಮಾಡಬೇಕಾದುದೇನು, ಮಾಡಬಾರದುದೇನು?

ಹೊಸ ತಂತ್ರಾಂಶವೊಂದನ್ನು ಅಂತರ್ಜಾಲದಿಂದ ಇಳಿಸಿಕೊಂಡು ಚಾಲನೆಗೊಳಿಸಿದ ಕೂಡಲೇ ಲಿನಕ್ಸ್ ಗಣಕದ ಪರದೆಯ ಮೇಲೆ ಒಂದೇ ಸಾಲಿನ ದೂರು ಮೂಡುತ್ತದೆ: ‘ಜಿಲಿಬ್‌ಸಿ 2.34 ಆವೃತ್ತಿ ಸಿಗಲಿಲ್ಲ’. ತಂತ್ರಾಂಶ ಅಲ್ಲಿಗೇ ನಿಲ್ಲುತ್ತದೆ. ಈ ಸಾಲನ್ನು ಕಂಡ ಬಳಕೆದಾರ ಮುಂದಿನ ಅರ್ಧ ಗಂಟೆಯಲ್ಲಿ ಏನು ಮಾಡುತ್ತಾನೆ ಎಂಬುದರ ಮೇಲೆ ಆ ಗಣಕ ಮರುದಿನ ಎದ್ದೇಳುತ್ತದೆಯೋ ಇಲ್ಲವೋ ಎಂಬುದು ನಿಂತಿದೆ.

ಇದು ಉತ್ಪ್ರೇಕ್ಷೆಯ ಮಾತಲ್ಲ. ಕೆನಡಾದ ಯೂಟ್ಯೂಬ್ ನಿರೂಪಕ ಲೈನಸ್ ಸೆಬಾಸ್ಟಿಯನ್ 2021ರಲ್ಲಿ ಪಾಪ್ ಓಎಸ್ ಎಂಬ ಲಿನಕ್ಸ್ ವಿತರಣೆಯ ಮೇಲೆ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶವನ್ನು ಅನುಸ್ಥಾಪಿಸಲು ಹೊರಟರು. ಪ್ಯಾಕೇಜುಗಳ ಆವೃತ್ತಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಈ ತೊಡಕನ್ನು ಬಿಡಿಸಲು ‘ಆಪ್ಟ್’ ವ್ಯವಸ್ಥೆ ಸೂಚಿಸಿದ ಪರಿಹಾರವೆಂದರೆ ಡೆಸ್ಕ್‌ಟಾಪನ್ನೇ ಅಳಿಸಿಹಾಕುವುದು! ಮುಂದುವರಿಯಬೇಕಿದ್ದರೆ ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಪೂರ್ತಿ ಟೈಪ್ ಮಾಡುವಂತೆ ಅದು ಕೇಳಿತು. ಅವರು ಟೈಪ್ ಮಾಡಿದರು. ಉಳಿದದ್ದು ಕಪ್ಪು ಪರದೆ ಮಾತ್ರ. ದೋಷ ಪ್ಯಾಕೇಜುಗಳ ಭಂಡಾರದಲ್ಲಿತ್ತು, ನಿಜ. ಆದರೆ ಎಚ್ಚರಿಕೆಯೂ ಪರದೆಯ ಮೇಲೆಯೇ ಇತ್ತು. ಆ ಪ್ರಸಂಗದ ಬಳಿಕ ಅತ್ಯಗತ್ಯ ಪ್ಯಾಕೇಜುಗಳ ಅಳಿಸುವಿಕೆಯನ್ನು ಆಪ್ಟ್‌ನಲ್ಲಿ ಮತ್ತಷ್ಟು ಕಠಿಣಗೊಳಿಸಲಾಯಿತು.

ಈ ತೊಡಕಿನ ಬೇರು ‘ಲೈಬ್ರರಿ’ಗಳಲ್ಲಿದೆ. ಕಡತವನ್ನು ತೆರೆಯುವುದು, ಅಕ್ಷರಗಳನ್ನು ಮುದ್ರಿಸುವುದು, ಸ್ಮೃತಿಯನ್ನು ಪಡೆಯುವುದು ಮುಂತಾದ ಕೆಲಸಗಳನ್ನು ಪ್ರತಿಯೊಂದು ತಂತ್ರಾಂಶವೂ ತಾನೇ ಬರೆದುಕೊಳ್ಳುವುದಿಲ್ಲ. ಇವೆಲ್ಲ ಹಂಚಿಕೆಯ ಲೈಬ್ರರಿಗಳಲ್ಲಿ ಒಮ್ಮೆ ಮಾತ್ರ ಇರುತ್ತವೆ, ಬೇಕಾದವರು ಕರೆದುಕೊಳ್ಳುತ್ತಾರೆ. ಇವುಗಳ ಪೈಕಿ ತಳಪಾಯದಂತಿರುವುದು ಗ್ನೂ ಸಿ ಲೈಬ್ರರಿ, ಅರ್ಥಾತ್ ಜಿಲಿಬ್‌ಸಿ. 1999ರ 2.1 ಆವೃತ್ತಿಯಿಂದೀಚೆಗೆ ಅದರೊಳಗಿನ ಒಂದೊಂದು ಕಾರ್ಯಕ್ಕೂ ಆವೃತ್ತಿಯ ಮುದ್ರೆ ಒತ್ತಲಾಗುತ್ತಿದೆ. ಹಳೆಯ ಮುದ್ರೆಗಳನ್ನು ಅಳಿಸದೆ ಹೊಸದನ್ನು ಸೇರಿಸುತ್ತಾ ಹೋಗುವುದರಿಂದ, ಹಳೆಯ ಗಣಕದಲ್ಲಿ ಸಿದ್ಧಪಡಿಸಿದ ತಂತ್ರಾಂಶ ಹೊಸ ಗಣಕದಲ್ಲಿ ಸಾಮಾನ್ಯವಾಗಿ ಓಡುತ್ತದೆ. ಹೊಸದರಲ್ಲಿ ಸಿದ್ಧವಾದದ್ದು ಹಳೆಯದರಲ್ಲಿ ಓಡಬೇಕೆಂಬ ಭರವಸೆಯನ್ನು ಮಾತ್ರ ಯಾರೂ ಕೊಟ್ಟಿಲ್ಲ.

ಡೆಬಿಯನ್ 11ರಲ್ಲಿರುವುದು ಜಿಲಿಬ್‌ಸಿ 2.31; ಉಬುಂಟು 22.04ರಲ್ಲಿರುವುದು 2.35. ಎರಡನೆಯದರ ಮೇಲೆ ಸಿದ್ಧಪಡಿಸಿದ್ದನ್ನು ಮೊದಲನೆಯದಕ್ಕೆ ಒಯ್ದರೆ ಮೇಲಿನ ದೂರು ಬರುವುದು ಸಹಜ. 2024ರ ಆರಂಭದಲ್ಲಿ ಬಂದ ವಿಷುವಲ್ ಸ್ಟುಡಿಯೋ ಕೋಡ್ 1.86 ಆವೃತ್ತಿ, ತಾನು ಸಂಪರ್ಕಿಸುವ ಸರ್ವರ್‌ಗಳಲ್ಲಿಯೂ ಜಿಲಿಬ್‌ಸಿ 2.28 ಇರಲೇಬೇಕೆಂದಿತು. ಸೆಂಟ್‌ಓಎಸ್ 7ರಲ್ಲಿದ್ದದ್ದು 2.17, ಉಬುಂಟು 18.04ರಲ್ಲಿದ್ದದ್ದು 2.27. ಹಿಂದಿನ ದಿನದವರೆಗೆ ನಿರಾತಂಕವಾಗಿ ಕೆಲಸ ಮಾಡುತ್ತಿದ್ದವರಿಗೆ ಸರ್ವರ್‌ಗಳ ಸಂಪರ್ಕವೇ ತಪ್ಪಿತು. ಗದ್ದಲದ ನಂತರ ಮೈಕ್ರೋಸಾಫ್ಟ್ ತಾತ್ಕಾಲಿಕ ಅವಕಾಶ ನೀಡಿತು. ಸೆಂಟ್‌ಓಎಸ್ 7ರ ಆಯುಷ್ಯ ಅದೇ ವರ್ಷದ ಜೂನ್ 30ಕ್ಕೆ ಮುಗಿಯಿತು.

ಇಂಥ ಸಂದರ್ಭದಲ್ಲಿ ಮೊದಲು ತಿಳಿಯಬೇಕಾದದ್ದು ಕೇಳುತ್ತಿರುವುದೇನು, ಇರುವುದೇನು ಎಂಬುದು. ‘ಎಲ್‌ಡಿಡಿ’ ಎಂಬ ಆದೇಶ ತಂತ್ರಾಂಶಕ್ಕೆ ಬೇಕಾದ ಲೈಬ್ರರಿಗಳನ್ನೂ ಅವು ಎಲ್ಲಿ ಸಿಕ್ಕಿವೆ ಎಂಬುದನ್ನೂ ಪಟ್ಟಿ ಮಾಡುತ್ತದೆ. ಅಪರಿಚಿತ ಮೂಲದಿಂದ ಬಂದ ಕಡತದ ಮೇಲೆ ಮಾತ್ರ ಇದನ್ನು ಪ್ರಯೋಗಿಸುವುದು ಸಲ್ಲದು. ಕೆಲವೊಮ್ಮೆ ಅದು ಆ ಕಡತವನ್ನೇ ಚಾಲನೆಗೊಳಿಸಬಹುದು. ಅಂಥದ್ದಕ್ಕೆ ‘ಆಬ್ಜ್‌ಡಂಪ್’ ಕ್ಷೇಮ. ಯಾವ ಪ್ಯಾಕೇಜು ಯಾವ ಭಂಡಾರದಿಂದ ಬಂದಿದೆ ಎಂಬುದನ್ನು ಡೆಬಿಯನ್ ಬಳಗದಲ್ಲಿ ‘ಆಪ್ಟ್-ಕ್ಯಾಶ್ ಪಾಲಿಸಿ’ ತಿಳಿಸುತ್ತದೆ. ಬೇರೆ ಆವೃತ್ತಿಯ ಭಂಡಾರವೊಂದನ್ನು ಎಂದೋ ಸೇರಿಸಿ ಮರೆತಿದ್ದರೆ ಅದು ಇಲ್ಲಿ ಸಿಕ್ಕಿಬೀಳುತ್ತದೆ.

ಲೈಬ್ರರಿ ಇದ್ದೂ ಕಾಣದಿರುವುದುಂಟು. ಆಕರ ಸಂಕೇತದಿಂದ ಸ್ವತಃ ಸಿದ್ಧಪಡಿಸಿದ ಲೈಬ್ರರಿಗಳು ಸಾಮಾನ್ಯವಾಗಿ ‘ಯೂಸರ್ ಲೋಕಲ್’ ಕೋಶಕ್ಕೆ ಹೋಗುತ್ತವೆ. ‘ಎಲ್‌ಡಿಕಾನ್ಫಿಗ್’ ಓಡಿಸುವವರೆಗೆ ವ್ಯವಸ್ಥೆಗೆ ಅವುಗಳ ಸುಳಿವಿರುವುದಿಲ್ಲ. ಇದಕ್ಕೆ ವಿರುದ್ಧವಾದದ್ದೂ ಇದೆ. ‘ಜಿಲಿಬ್‌ಸಿಎಕ್ಸ್‌ಎಕ್ಸ್ 3.4.30 ಸಿಗಲಿಲ್ಲ’ ಎಂಬ ದೂರು ಅನೇಕ ಬಾರಿ ಸಿ ಪ್ಲಸ್ ಪ್ಲಸ್ ಲೈಬ್ರರಿ ಹೊಸದಾಗಿಯೇ ಇರುವ ಗಣಕದಲ್ಲೂ ಬರುತ್ತದೆ. ಕೋಂಡಾದಂತಹ ಪರಿಸರ ತನ್ನದೇ ಹಳೆಯ ಪ್ರತಿಯನ್ನು ಮುಂದಿಟ್ಟು ವ್ಯವಸ್ಥೆಯ ಪ್ರತಿಯನ್ನು ಮರೆಮಾಡಿರುತ್ತದೆ. ಆ ಪರಿಸರದೊಳಗಿನ ಪ್ರತಿಯನ್ನು ನವೀಕರಿಸಿದರೆ ಸಾಕು, ವ್ಯವಸ್ಥೆಯನ್ನು ಮುಟ್ಟಬೇಕಾಗಿಲ್ಲ.

ಓಪನ್‌ಎಸ್‌ಎಸ್‌ಎಲ್ ವಿಚಾರದಲ್ಲಿ ಪ್ರಚಲಿತವಾಗಿರುವ ಅಡ್ಡದಾರಿಯೊಂದಿದೆ. ಉಬುಂಟು 22.04ರಲ್ಲಿ 1.1 ಸರಣಿಯ ಲೈಬ್ರರಿ ಇಲ್ಲ, 3.0 ಇದೆ. ಆದ್ದರಿಂದ ಹೊಸ ಕಡತಕ್ಕೆ ಹಳೆಯ ಹೆಸರಿನ ಕೊಂಡಿ ಹಾಕಿಬಿಡುವುದು! ಹೊರಗಿನ ಹೆಸರು ಬದಲಾದರೂ ಒಳಗಿನ ಆವೃತ್ತಿ ಮುದ್ರೆ ಬದಲಾಗದು. ತಂತ್ರಾಂಶ ಮತ್ತೆ ಅದೇ ರಾಗ ಹಾಡುತ್ತದೆ. 1.1.1ಕ್ಕೆ ಸಾರ್ವಜನಿಕ ಭದ್ರತಾ ಬೆಂಬಲ 2023ರ ಸೆಪ್ಟೆಂಬರ್‌ನಲ್ಲಿ ನಿಂತಿರುವುದರಿಂದ ಹಳೆಯ ಪ್ಯಾಕೇಜನ್ನು ಹುಡುಕಿ ತರುವುದೂ ಜಾಣತನವಲ್ಲ. ತಂತ್ರಾಂಶದ ಹೊಸ ಆವೃತ್ತಿಯನ್ನು ಪಡೆಯುವುದು, ಇಲ್ಲವೇ ಅದನ್ನು ಅದೇ ಗಣಕದಲ್ಲಿ ಮರುಸಿದ್ಧಪಡಿಸುವುದು ನೇರ ದಾರಿ. ಅದೂ ಆಗದಿದ್ದಲ್ಲಿ ಡಾಕರ್ ಕಂಟೇನರ್ ಅಥವಾ ಫ್ಲ್ಯಾಟ್‌ಪ್ಯಾಕ್ ಇದೆ. ಡಿಸ್ಕ್‌ನ ಜಾಗವನ್ನು ಇವು ಧಾರಾಳವಾಗಿ ನುಂಗಿದರೂ ವ್ಯವಸ್ಥೆಯ ಲೈಬ್ರರಿಗಳ ತಂಟೆಗೆ ಹೋಗುವುದಿಲ್ಲ.

ಮಾಡಲೇಬಾರದ ಕೆಲಸವೆಂದರೆ ಬೇರೆ ಗಣಕದಿಂದ ಜಿಲಿಬ್‌ಸಿ ಕಡತವನ್ನು ತಂದು ಇರುವುದರ ಮೇಲೆ ಹೇರುವುದು. ಕಡತಗಳನ್ನು ತೋರಿಸುವ ‘ಎಲ್‌ಎಸ್’, ನಕಲಿಸುವ ‘ಸಿಪಿ’, ಅಧಿಕಾರ ನೀಡುವ ‘ಸುಡೊ’ ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಅದು ಮುರಿದರೆ ದುರಸ್ತಿಯ ಸಲಕರಣೆಗಳೂ ಮುರಿಯುತ್ತವೆ.

ಇಷ್ಟಾಗಿಯೂ ಆ ತಪ್ಪು ನಡೆದುಹೋಗಿದ್ದರೆ, ತೆರೆದಿರುವ ಟರ್ಮಿನಲ್ ಕಿಟಕಿಯನ್ನು ಮುಚ್ಚಬಾರದು. ಈಗಾಗಲೇ ಓಡುತ್ತಿರುವ ಶೆಲ್ ಇನ್ನೂ ಜೀವಂತವಾಗಿರುವ ಸಾಧ್ಯತೆ ಹೆಚ್ಚು. ಅದು ರೂಟ್ ಅಧಿಕಾರದ್ದಾಗಿದ್ದು, ಮೂಲ ಕಡತ ಅಳಿಯದೆ ಕೊಂಡಿ ಮಾತ್ರ ತಪ್ಪಿದ್ದರೆ ‘ಎಸ್‌ಎಲ್‌ಎನ್’ ನೆರವಿಗೆ ಬರುತ್ತದೆ. ಯಾವ ಲೈಬ್ರರಿಯ ಹಂಗೂ ಇಲ್ಲದೆ ಕೊಂಡಿ ಹಾಕಲೆಂದೇ ಜಿಲಿಬ್‌ಸಿಯವರು ಬರೆದಿಟ್ಟಿರುವ ಪುಟ್ಟ ಸಾಧನವಿದು. ಎಲ್ಲ ವಿತರಣೆಗಳಲ್ಲಿಯೂ ಇರುವುದಿಲ್ಲ. ಅದೂ ಇಲ್ಲದಿದ್ದಲ್ಲಿ ಯುಎಸ್‌ಬಿ ಕಡ್ಡಿಯಿಂದ ಗಣಕವನ್ನು ಎಬ್ಬಿಸಿ, ಒಳಗಿನ ಡಿಸ್ಕನ್ನು ತೆರೆದು, ಅದೇ ವಿತರಣೆಯ ಅದೇ ಆವೃತ್ತಿಯ ಪ್ಯಾಕೇಜಿನಿಂದ ಮೂಲ ಕಡತವನ್ನು ಅದರ ಜಾಗದಲ್ಲಿ ಮತ್ತೆ ಇರಿಸಬೇಕಾಗುತ್ತದೆ.