ಬೆಳಗ್ಗೆ ನೆನೆಹಾಕಿದ ಹುರುಳಿ, ರಾತ್ರಿಯ ನೆಮ್ಮದಿಯ ಊಟ

ಮುಂಬಯಿ ಮತ್ತು ಉಪನಗರಗಳ ತುಳು-ಕನ್ನಡ ಸಂಘಗಳಲ್ಲಿ ಪ್ರತಿವರ್ಷ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ‘ಆಟಿಡೊಂಜಿ ದಿನ’ದ ಸಂಭ್ರಮ. ಮಹಿಳಾ ವಿಭಾಗದ ಸದಸ್ಯೆಯರು ಮನೆಯಲ್ಲೇ ತಯಾರಿಸಿ ತಂದ ಪತ್ರೊಡೆ, ತಜಂಕ್ ಸೊಪ್ಪಿನ ಅಂಬಡೆ, ಹುರುಳಿ ಚಟ್ನಿ, ಹಲಸಿನ ಬೀಜದ ಪಲ್ಯ, ಕಣಿಲೆ ಗಸಿ ಮೇಜಿನ ಮೇಲೆ ಸಾಲಾಗಿ ಬಂದು ಕೂರುತ್ತವೆ. ಗಣ್ಯರು ರುಚಿ ನೋಡಿ ಮೆಚ್ಚುತ್ತಾರೆ, ಹಿರಿಯರು ಊರಿನ ನೆನಪು ಹೇಳುತ್ತಾರೆ, ಮಕ್ಕಳು ಫೋಟೋ ತೆಗೆಯುತ್ತಾರೆ. ಆದರೆ ಆ ತಿನಿಸುಗಳು ಹುಟ್ಟಿದ್ದು ಸಂಭ್ರಮಕ್ಕಾಗಿ ಅಲ್ಲ ಎಂಬುದು ಹಿರಿಯರಿಗೆಲ್ಲ ಗೊತ್ತು. ಆಟಿ ಎಂದರೆ ಊರಿನಲ್ಲಿ ಬಿಡುವಿಲ್ಲದ ಮಳೆ, ಬರಿದಾದ ಅಕ್ಕಿ ಮುಡಿ, ಕಡಲಿಗಿಳಿಯದ ದೋಣಿ. ಕೈಯಲ್ಲಿ ಕಾಸಿಲ್ಲದ ಆ ತಿಂಗಳನ್ನು ದಾಟಲು ಅಂದಿನ ಗೃಹಿಣಿಯರು ಬೇಲಿಯಂಚಿನ ಸೊಪ್ಪನ್ನು, ಬೇಸಗೆಯಲ್ಲೇ ಮಣ್ಣು ಮೆತ್ತಿ ಕಾಪಿಟ್ಟ ಹಲಸಿನ ಬೀಜವನ್ನು, ಡಬ್ಬಿಯ ತಳದ ಹುರುಳಿಯನ್ನು ನಂಬಿದ್ದರು. ಅದು ಮಿತವ್ಯಯದ ಅಡುಗೆ, ಅದರಲ್ಲೂ ಮುಂದಾಲೋಚನೆಯ ಅಡುಗೆ.

ವರ್ಷಕ್ಕೊಂದು ದಿನ ವೇದಿಕೆಯ ಮೇಲೆ ಮೆರೆಯುವ ಈ ಜಾಣ್ಮೆ ಉಳಿದ 364 ದಿನ ಮನೆಯ ಅಡುಗೆಕೋಣೆಯಲ್ಲಿ ಕಾಣುತ್ತಿದೆಯೇ ಎಂಬುದು ಯೋಚಿಸಬೇಕಾದ ವಿಷಯ. ಡೊಂಬಿವಲಿ, ಮೀರಾರೋಡ್, ನಲಸೋಪಾರದಂತಹ ಕಡೆ ಮನೆ ಮಾಡಿಕೊಂಡು ಫೋರ್ಟ್, ಅಂಧೇರಿಗೆ ದುಡಿಯಲು ಹೋಗುವ ಮಹಿಳೆ ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಇಳಿದು ಮನೆ ಸೇರುವಾಗ ರಾತ್ರಿ ಎಂಟು ಗಂಟೆ. ಬಾಗಿಲು ತೆರೆಯುತ್ತಿದ್ದಂತೆ ಎದುರಾಗುವ ಮೊದಲ ಪ್ರಶ್ನೆ, ‘ರಾತ್ರಿಗೆ ಏನು?’ ಉತ್ತರ ಹೊಳೆಯದಿದ್ದರೆ ಪಾವ್‌ಭಾಜಿಯೋ ಬಿರಿಯಾನಿಯೋ ಪಾರ್ಸೆಲ್. ಶಾಕಾಹಾರಿಗಳ ಮನೆಯಲ್ಲೂ, ಮೀನು ಮಾಂಸ ತಿನ್ನುವವರ ಮನೆಯಲ್ಲೂ ಈ ಕತೆ ಒಂದೇ.

ಲೆಕ್ಕ ಏನು ಹೇಳುತ್ತದೆ?

ಉದಾಹರಣೆಗೆ ನಾಲ್ವರ ಕುಟುಂಬವೊಂದು ವಾರಕ್ಕೆ ಎರಡು ರಾತ್ರಿ, ಸಲಕ್ಕೆ 500 ರೂ.ನಂತೆ ಪಾರ್ಸೆಲ್ ತರಿಸುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 52,000 ರೂ. ಆಯಿತು. ಅದೇ ಎರಡು ರಾತ್ರಿ ಮನೆಯಲ್ಲಿ 150 ರೂ.ನಲ್ಲಿ ಊಟ ಮುಗಿದರೆ ವರ್ಷಕ್ಕೆ ಉಳಿಯುವುದು 36,400 ರೂ. ತಿಂಗಳಿಗೆ 3,000 ರೂ.ನ ರಿಕರಿಂಗ್ ಡೆಪಾಸಿಟ್ ಇಡಲು ಇಷ್ಟು ಸಾಕು. ಅದನ್ನು ಮನೆಯಾಕೆಯ ಹೆಸರಿನಲ್ಲೇ ಇಟ್ಟರೆ ಇನ್ನೂ ಒಳಿತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಸುಳ್ಳಲ್ಲ.

ಆದರೆ ಈ ಉಳಿತಾಯದ ಭಾರವೆಲ್ಲ ದುಡಿದು ದಣಿದು ಬಂದ ಒಬ್ಬಳ ಹೆಗಲಿಗೇ ಬೀಳುವುದಾದರೆ ಅದು ಉಳಿತಾಯವಾಗದು. ಹಣ ಉಳಿದು ಜೀವ ಸವೆದರೆ ಏನು ಬಂತು? ಆದ್ದರಿಂದ ಸುಲಭದ ಅಡುಗೆ ಮತ್ತು ಮನೆಗೆಲಸದ ಹಂಚಿಕೆ, ಈ ಎರಡೂ ಕೈಕೈ ಹಿಡಿದೇ ನಡೆಯಬೇಕು. ಬೆಳಗ್ಗೆ ಯಾರೂ ನೆನೆಹಾಕದ ಹುರುಳಿ ರಾತ್ರಿ ಎಂಟಕ್ಕೆ ಬೇಯುವುದಿಲ್ಲ. ಅನೇಕ ಪಾರ್ಸೆಲ್‌ಗಳ ಮೂಲ ನಾಲಗೆಯ ಚಪಲದಲ್ಲಿಲ್ಲ, ಬೆಳಗಿನ ಆ ಮರೆವಿನಲ್ಲಿದೆ.

ಆರು ರಾತ್ರಿಯ ಆರು ಊಟ

ಮೀನು ಮಾಂಸ ಬಿಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಸೋಮವಾರ, ಶನಿವಾರ ಬಿಡುವವರಿದ್ದಾರೆ, ಶ್ರಾವಣ ಹಾಗೂ ಸೋಣ ತಿಂಗಳಿಡೀ ಬಿಡುವವರೂ ಇದ್ದಾರೆ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಮೀನಿನ ದರ ಕೇಳುವುದೇ ಬೇಡ. ಭಾನುವಾರವನ್ನು ಮನೆಯವರ ಇಷ್ಟಕ್ಕೆ ಬಿಟ್ಟು, ಉಳಿದ ಆರು ರಾತ್ರಿಗೆ ಮೊದಲೇ ಪಟ್ಟಿ ಮಾಡಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಸೋಮವಾರ ಹುರುಳಿ. ಬೆಳಗ್ಗೆ ನೆನೆಹಾಕಿದ ಎರಡು ಲೋಟ ಹುರುಳಿಯನ್ನು ರಾತ್ರಿ ಕುಕ್ಕರಿನಲ್ಲಿ ಬೇಯಿಸಿ, ಬಸಿದ ನೀರಿಗೆ ಹುಣಸೆಹುಳಿ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಸಾರು, ಕಾಳಿಗೆ ತೆಂಗಿನತುರಿ ಬೆರೆಸಿದರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ. ಹಳೆ ಮೈಸೂರಿನವರ ಬಸ್ಸಾರಿನ ಗುಟ್ಟೂ ಇದೇ. ಮಂಗಳವಾರ ಉತ್ತರ ಕರ್ನಾಟಕದವರ ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿಪುಡಿ. ರೊಟ್ಟಿ ಬಡಿಯಲು ಬಾರದವರು ಖಡಕ್ ರೊಟ್ಟಿಯನ್ನು ತಂದಿಟ್ಟುಕೊಂಡರೆ ಹಲವು ದಿನ ಕೆಡದು. ಬುಧವಾರ ಮಲೆನಾಡಿನ ತಂಬುಳಿ. ಒಂದು ಹಿಡಿ ದೊಡ್ಡಪತ್ರೆ ಇಲ್ಲವೇ ಒಂದು ಚಮಚ ಮೆಂತ್ಯ, ಜೀರಿಗೆಯನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಗ್ಯಾಸ್ ಉರಿಯುವುದು ಅನ್ನಕ್ಕೆ ಮತ್ತು ಬಾಡಿಸುವ ಎರಡು ನಿಮಿಷಕ್ಕೆ ಮಾತ್ರ. ದೊಡ್ಡಪತ್ರೆ ಕಿಟಕಿಯ ಕುಂಡದಲ್ಲೂ ಬೆಳೆಯುತ್ತದೆ.

ಗುರುವಾರ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಸುಟ್ಟ ಹಪ್ಪಳ, ಉಪ್ಪಿನಕಾಯಿ. ಹಿಂದಿನ ರಾತ್ರಿ ನೆನೆಹಾಕಿದ ಹೆಸರನ್ನು ಬೆಳಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ರಾತ್ರಿಯ ಹೊತ್ತಿಗೆ ಮೊಳಕೆ ಬಂದಿರುತ್ತದೆ. ಶುಕ್ರವಾರ ಮಾಟುಂಗಾ ಮಾರ್ಕೆಟಿನಲ್ಲಿ ಸಿಗುವ ಮಂಗಳೂರು ಸೌತೆ ಮತ್ತು ತೊಗರಿಬೇಳೆಯ ಹುಳಿ. ಸೌತೆ ಸಿಗದ ದಿನ ಹೀರೆಕಾಯಿ ಆಗಬಹುದು, ಅದರ ಸಿಪ್ಪೆಯಿಂದ ಒಂದು ಚಟ್ನಿ ಪುಕ್ಕಟೆ ಸಿಗುತ್ತದೆ. ಶನಿವಾರ ಅನೇಕರಿಗೆ ಒಪ್ಪತ್ತು, ರಾತ್ರಿ ಫಲಾಹಾರ. ರಾಗಿಹಿಟ್ಟಿನ ದೋಸೆಯೋ ಮೊಸರವಲಕ್ಕಿಯೋ ಹದಿನೈದು ನಿಮಿಷದ ಕೆಲಸ.

ಈ ಊಟ ಅಗ್ಗವೆಂದು ಕಳಪೆಯೇನಲ್ಲ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ ಅಥವಾ ಜೋಳದಲ್ಲಿ ಕಡಿಮೆಯಿರುವ ಪ್ರೋಟೀನಿನ ಅಂಶವನ್ನು ಬೇಳೆಕಾಳು ತುಂಬಿಕೊಡುತ್ತದೆ, ಬೇಳೆಯಲ್ಲಿ ಕಡಿಮೆಯಿರುವುದನ್ನು ಧಾನ್ಯ ತುಂಬಿಕೊಡುತ್ತದೆ. ಸೊಪ್ಪು, ಕಾಳಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟವಾದ ಕೂಡಲೇ ಚಹಾ ಕುಡಿಯದಿರುವುದು ಇದೇ ಕಾರಣಕ್ಕೆ ಮೇಲು. ಬಿ-12 ಜೀವಸತ್ವ ಕಾಳು ಸೊಪ್ಪಿನಲ್ಲಿ ಇಲ್ಲವಾದ್ದರಿಂದ ಪೂರ್ಣ ಶಾಕಾಹಾರಿಗಳ ಊಟದಲ್ಲಿ ಹಾಲು, ಮೊಸರು ತಪ್ಪಬಾರದು. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ನೆನೆದ ಕಾಳು ಸಂಜೆಯೊಳಗೆ ಹುಳಿ ವಾಸನೆ ಹಿಡಿಯುವುದುಂಟು. ಆಗ ನೆನೆಹಾಕಿದ ಪಾತ್ರೆಯನ್ನು ಫ್ರಿಜ್‌ನಲ್ಲಿಡಬೇಕು.

ಕಾಳು ನೆನೆಸುವುದರಿಂದ ಗ್ಯಾಸ್ ಕೂಡ ಉಳಿಯುತ್ತದೆ. 1978ರಲ್ಲಿ ಆರಂಭವಾದ ಕೇಂದ್ರ ಸರಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆ ಜನರಿಗೆ ಹೇಳುತ್ತ ಬಂದಿರುವುದೂ ಇದನ್ನೇ: ಕಾಳು ನೆನೆಸಿ, ಕುಕ್ಕರ್ ಬಳಸಿ, ಪಾತ್ರೆಗೆ ಮುಚ್ಚಳ ಮುಚ್ಚಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ. 14.2 ಕಿಲೋ ಸಿಲಿಂಡರ್ 30 ದಿನದ ಬದಲು 36 ದಿನ ಬಂದರೆ ವರ್ಷಕ್ಕೆ 12ರ ಬದಲು 10 ಸಿಲಿಂಡರಿನಲ್ಲಿ ಸಂಸಾರ ಸಾಗುತ್ತದೆ. ಸಿಲಿಂಡರ್ ಜೋಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಈ ಲೆಕ್ಕ ತಾನಾಗಿ ಸಿಗುತ್ತದೆ. ಹಾಲಿನವನು ಬಾರದ ದಿನಕ್ಕೆ ಅಡ್ಡಗೀಟು ಹಾಕುವ ಅಭ್ಯಾಸ ಹೇಗೂ ಎಲ್ಲರ ಮನೆಯಲ್ಲಿದೆ.

ಹಳೆ ಚಾದರದ ಗೋಡೆಚೀಲ

ಇನ್ನು ಕೆಲಸದ ಹಂಚಿಕೆ. ಇದಕ್ಕಾಗಿ ಅಂಗಡಿಯಿಂದ ಏನನ್ನೂ ಕೊಳ್ಳಬೇಕಾಗಿಲ್ಲ. ಹಳೆ ದಪ್ಪ ಚಾದರದಿಂದ 22 ಇಂಚು ಅಗಲ, 36 ಇಂಚು ಉದ್ದದ ತುಂಡು ಕತ್ತರಿಸಿ, ಮೇಲಿನ ಮೂರು ಇಂಚನ್ನು ಮಡಚಿ ಹೊಲಿದರೆ ಕೋಲು ತೂರಿಸಲು ಜಾಗವಾಯಿತು. ಹಳೆ ಸೀರೆ ಅಥವಾ ದಿಂಬಿನ ಚೀಲದ ಬಟ್ಟೆಯಿಂದ 22 ಇಂಚು ಅಗಲ, 7 ಇಂಚು ಎತ್ತರದ ನಾಲ್ಕು ಪಟ್ಟಿ ತೆಗೆದು, ಪ್ರತಿಯೊಂದರ ಮೇಲಂಚನ್ನು ಮಡಚಿ ಹೊಲಿದುಕೊಳ್ಳಬೇಕು. ಆಮೇಲೆ ಒಂದರ ಕೆಳಗೊಂದರಂತೆ ಚಾದರದ ಮೇಲಿಟ್ಟು ಎರಡು ಬದಿ, ತಳ ಮತ್ತು ನಟ್ಟನಡುವೆ ಹೊಲಿಗೆ ಹಾಕಿದರೆ ಎಂಟು ಜೇಬು ಸಿದ್ಧ. ಏಳು ಜೇಬು ಏಳು ವಾರಕ್ಕೆ, ಎಂಟನೆಯದು ‘ಮುಗಿಯಿತು’ ಎಂಬುದಕ್ಕೆ.

ಜೇಬಿನೊಳಗೆ ಹಾಕಲು ಚೀಟಿ ಬೇಕಲ್ಲ? ಮದುವೆ ಕರೆಯೋಲೆಗಳಿಗೆ ಕನ್ನಡಿಗರ ಮನೆಯಲ್ಲಿ ಎಂದೂ ಬರಗಾಲವಿಲ್ಲ. ಆ ದಪ್ಪ ಕಾಗದದ ಖಾಲಿ ಬದಿಯನ್ನು ನಾಲ್ಕಾಗಿ ಕತ್ತರಿಸಿದರೆ ಒಳ್ಳೆಯ ಚೀಟಿಗಳಾಗುತ್ತವೆ. ಒಂದು ಚೀಟಿಗೆ ಒಂದೇ ಕೆಲಸ. ‘ಹುರುಳಿ ನೆನೆಹಾಕುವುದು’, ‘ಗಿರಣಿಯಿಂದ ಹಿಟ್ಟು ತರುವುದು’, ‘ಕುಡಿಯುವ ನೀರು ತುಂಬಿಸುವುದು’, ‘ಬಟ್ಟೆ ಮಡಚುವುದು’, ‘ಸೊಪ್ಪು ಆಯುವುದು’, ‘ಊಟದ ನಂತರ ಪಾತ್ರೆ ಒರೆಸಿಡುವುದು’, ‘ಲೈಟ್ ಬಿಲ್ ಕಟ್ಟುವುದು’ ಹೀಗೆ ಬರೆದು, ಮೂಲೆಯಲ್ಲಿ ಮಾಡುವವರ ಹೆಸರು. ಹೆಸರನ್ನು ಪೆನ್ಸಿಲಿನಲ್ಲಿ ಬರೆದರೆ ವಾರವಾರ ಬದಲಿಸಬಹುದು. ಕೆಲಸ ಮುಗಿಸಿದವರು ಚೀಟಿಯನ್ನು ಎಂಟನೆಯ ಜೇಬಿಗೆ ಹಾಕಬೇಕು. ಯಾರೂ ಯಾರನ್ನೂ ಕೇಳಬೇಕಿಲ್ಲ, ಗದರಬೇಕಿಲ್ಲ. ಚೀಟಿ ಎಲ್ಲಿದೆಯೋ ಅಲ್ಲೇ ಉತ್ತರ.

ಭಾನುವಾರ ಸಂಜೆ ಹದಿನೈದು ನಿಮಿಷ ಮನೆಮಂದಿಯೆಲ್ಲ ಕುಳಿತು ಚೀಟಿ ಹಂಚಿಕೊಳ್ಳುವುದು ಈ ಪದ್ಧತಿಯ ಜೀವಾಳ. ಬೆಳಗ್ಗೆ ಕೊನೆಗೆ ಮನೆ ಬಿಡುವವರಿಗೆ ಕಾಳು ನೆನೆಸುವ ಚೀಟಿ, ಸಂಜೆ ಮೊದಲು ಮನೆಗೆ ಬರುವವರಿಗೆ ಕುಕ್ಕರ್ ಇಡುವ ಚೀಟಿ. ಅದು ಯಜಮಾನರೇ ಇರಬಹುದು, ಕಾಲೇಜಿಗೆ ಹೋಗುವ ಮಗನೇ ಇರಬಹುದು. ಶಾಲೆಗೆ ಹೋಗುವ ಮಕ್ಕಳಿಗೆ ತಟ್ಟೆ ಇಡುವ, ಬಟ್ಟೆ ಮಡಚುವ ಕೆಲಸ. ಸೊಪ್ಪು ಆಯುವುದೋ ತೆಂಗಿನಕಾಯಿ ತುರಿಯುವುದೋ, ಯಾವುದು ಆಗುತ್ತದೆ ಎಂಬುದನ್ನು ಅಜ್ಜಿಯೇ ಆರಿಸಿಕೊಳ್ಳಲಿ. ಅಡುಗೆಯಾಕೆಯ ಹೆಸರಿನ ಚೀಟಿಗಳೇ ಹೆಚ್ಚಾಗಿ ಕಂಡರೆ ಆ ವಾರದ ಹಂಚಿಕೆ ಸರಿಯಾಗಿಲ್ಲವೆಂದು ತಿಳಿಯಬೇಕು.

ಇದು ಸಣ್ಣ ಮಾತೆಂದು ಯಾರೂ ತಳ್ಳಿಹಾಕಬಾರದು. 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆ ಅದಕ್ಕಾಗಿ ದಿನಕ್ಕೆ 299 ನಿಮಿಷ ವ್ಯಯಿಸಿದರೆ, ಅಂತಹ ಕೆಲಸ ಮಾಡುವ ಪುರುಷ ವ್ಯಯಿಸುವುದು 97 ನಿಮಿಷ. ದಿನಕ್ಕೆ ಸುಮಾರು ಐದು ಗಂಟೆ! 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ಮನೆಗೆಲಸದವರೂ ಬರಲಿಲ್ಲ. ಪೊರಕೆ ಹಿಡಿದ, ಪಾತ್ರೆ ತೊಳೆದ ಗಂಡಸರು ಆಗ ಎಷ್ಟೋ ಮನೆಗಳಲ್ಲಿದ್ದರು. ಬರುತ್ತದೆ ಎಂದು ಅಂದೇ ಗೊತ್ತಾದ ಕೆಲಸವನ್ನು ಇಂದು ಬರುವುದಿಲ್ಲ ಎನ್ನುವಂತಿಲ್ಲ.

ಗೋಡೆಚೀಲದ ಪಕ್ಕದಲ್ಲೇ ಮೊಳೆಗೊಂದು ಸಣ್ಣ ನೋಟುಪುಸ್ತಕ ತೂಗುಹಾಕುವುದು ಒಳ್ಳೆಯದು. ಈಗ ತರಕಾರಿಯವನಿಗೂ ಫೋನಿನಲ್ಲೇ ಹಣ ಹೋಗುವುದರಿಂದ ಕೈಯಿಂದ ಜಾರಿದ್ದು ತಿಳಿಯುವುದೇ ಇಲ್ಲ. ಅಂದಂದಿನ ಖರ್ಚನ್ನು ಮಲಗುವ ಮುನ್ನ ಎರಡು ಸಾಲಿನಲ್ಲಿ ಬರೆದಿಟ್ಟರೆ ತಿಂಗಳ ಕೊನೆಗೆ ಸೋರಿಕೆ ಎಲ್ಲಿ ಎಂಬುದು ಬೆಳಕಿಗೆ ಬರುತ್ತದೆ.

ಸಂಘಗಳು ಮಾಡಬಹುದಾದದ್ದು

ಸಂಘ ಸಂಸ್ಥೆಗಳ ಮಹಿಳಾ ವಿಭಾಗಗಳು ಇಲ್ಲಿ ದೊಡ್ಡ ಕೆಲಸ ಮಾಡಬಲ್ಲವು. ಆಟಿಯ ತಿನಿಸಿನ ಪ್ರದರ್ಶನದಲ್ಲಿ ಪ್ರತಿ ತಟ್ಟೆಯ ಮುಂದೆ ಅದಕ್ಕಾದ ಖರ್ಚು, ಹಿಡಿದ ಸಮಯ ಬರೆದ ಚೀಟಿ ಇಟ್ಟರೆ ನೋಡಿದವರು ಮನೆಗೆ ಹೋಗಿ ಮಾಡಿಯಾರು. ರುಚಿಗೆ ಕೊಡುವ ಬಹುಮಾನದ ಜತೆ ನಾಲ್ವರಿಗೆ ಸಾಲುವ ಕಡಿಮೆ ಖರ್ಚಿನ ರಾತ್ರಿಯೂಟಕ್ಕೂ ಒಂದು ಬಹುಮಾನ ಇರಲಿ, ಪುರುಷರಿಗೂ ಅದರಲ್ಲಿ ಪ್ರವೇಶವಿರಲಿ. ಅರಶಿನ ಕುಂಕುಮ ಕಾರ್ಯಕ್ರಮದಲ್ಲಿ ಹಂಚುವ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಡಬ್ಬಿಗಳು ಎಲ್ಲರ ಮನೆಯಲ್ಲೂ ಬೇಕಾದಷ್ಟಿವೆ. ಅವುಗಳ ಬದಲು ಹೊಲಿಗೆ ಬಲ್ಲ ಸದಸ್ಯೆಯರಿಂದ ಮಜೂರಿ ಕೊಟ್ಟು ಹೊಲಿಸಿದ ಗೋಡೆಚೀಲವನ್ನು ಉಡುಗೊರೆಯಾಗಿ ಕೊಟ್ಟರೆ ಅವರಿಗೂ ನಾಲ್ಕು ಕಾಸು ಆದೀತು.

ಊರಿನಿಂದ ಬರಿಗೈಯಲ್ಲಿ ಬಂದು ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ಹಿರಿಯ ತಲೆಮಾರು ಮಿತವ್ಯಯವನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಆ ಮನೆಗಳಲ್ಲಿ ಅಮ್ಮಂದಿರು ಎಲ್ಲರಿಗಿಂತ ಕೊನೆಗೆ, ತಳದಲ್ಲಿ ಉಳಿದದ್ದನ್ನು ಉಂಡು ಮಲಗಿದ್ದೂ ಅಷ್ಟೇ ನಿಜ. ಅವರ ಹುರುಳಿ ಸಾರನ್ನು ಉಳಿಸಿಕೊಳ್ಳೋಣ, ಆ ಕೊನೆಯ ಪಂಕ್ತಿಯನ್ನು ಬಿಡೋಣ. ರಾತ್ರಿ ಒಂಬತ್ತಕ್ಕೆ ಮನೆಯ ಎಲ್ಲರೂ, ಅಡುಗೆ ಮಾಡಿದವಳೂ ಸೇರಿ, ಒಂದೇ ಪಂಕ್ತಿಯಲ್ಲಿ ಕುಳಿತು ಬಿಸಿ ಬಿಸಿ ಉಣ್ಣುವಂತಾದರೆ ಎಂಟನೆಯ ಜೇಬು ತುಂಬಿದ್ದು ಸಾರ್ಥಕ.