ವಿಲಿಯಂ ಜೇಮ್ಸ್ ಕಂಡ ವ್ಯಕ್ತಿ

ವ್ಯಕ್ತಿವಾದವೆಂದೊಡನೆ ಸ್ವಾರ್ಥ, ಮನೆಮಂದಿಯನ್ನು ಮರೆತ ಬದುಕು ಎಂಬ ಭಾವನೆ ನಮ್ಮ ಹಿರಿಯರಲ್ಲಿ ಮೂಡುವುದು ಸಹಜ. ಆದರೆ ಅಮೆರಿಕದ ತತ್ತ್ವಜ್ಞಾನಿ, ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ (1842–1910) ಅವರ ವ್ಯಕ್ತಿವಾದ ಅಂತಹುದಲ್ಲ. ಇನ್ನೊಬ್ಬರ ಅಂತರಂಗಕ್ಕೆ ಸಲ್ಲಬೇಕಾದ ಗೌರವವೇ ಅದರ ತಿರುಳು.

ನ್ಯೂಯಾರ್ಕಿನಲ್ಲಿ ಜನಿಸಿದ ಜೇಮ್ಸ್ 1869ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಆ ದಿನಗಳಲ್ಲಿಯೇ ಅವರನ್ನು ತೀವ್ರ ಮನೋವೇದನೆ ಆವರಿಸಿತು. ಮನುಷ್ಯನ ನಡೆಯೆಲ್ಲವೂ ಪ್ರಕೃತಿಯ ನಿಯಮದಿಂದ ಮೊದಲೇ ನಿರ್ಧಾರವಾಗಿದ್ದರೆ ಸ್ವಪ್ರಯತ್ನಕ್ಕೆ ಬೆಲೆಯೆಲ್ಲಿ ಎಂಬುದು ಅವರ ಸಂಕಟ. 1870ರಲ್ಲಿ ಫ್ರೆಂಚ್ ದಾರ್ಶನಿಕ ರೆನೂವಿಯೆ ಅವರ ಬರಹವನ್ನೋದಿದ ಅವರು, ಸಂಕಲ್ಪ ಸ್ವಾತಂತ್ರ್ಯವನ್ನು ನಂಬುವುದೇ ತಮ್ಮ ಮೊದಲ ಸ್ವತಂತ್ರ ಕಾರ್ಯವೆಂದು ದಿನಚರಿಯಲ್ಲಿ ಬರೆದುಕೊಂಡರು. ಮುಂದಿನ ಚಿಂತನೆಯ ಬೀಜ ಅಲ್ಲಿದೆ.

ಮಹಾಪುರುಷರು ಕೇವಲ ಪರಿಸರದ ಸೃಷ್ಟಿಯೆಂಬ ಹರ್ಬರ್ಟ್ ಸ್ಪೆನ್ಸರ್ ಅವರ ವಾದವನ್ನು ಜೇಮ್ಸ್ 1880ರ ಪ್ರಬಂಧವೊಂದರಲ್ಲಿ ಖಂಡಿಸಿದರು. ವ್ಯಕ್ತಿಯ ಪ್ರೇರಣೆಯಿಲ್ಲದೆ ಸಮುದಾಯ ಜಡವಾಗುತ್ತದೆ. ಸಮುದಾಯದ ಸಹಾನುಭೂತಿಯಿಲ್ಲದೆ ಆ ಪ್ರೇರಣೆಯೂ ಬತ್ತುತ್ತದೆ. ಇವೆರಡೂ ಪರಸ್ಪರ ಪೂರಕವೆಂಬುದು ಅವರ ನಿಲುವು.

1899ರಲ್ಲಿ ಪ್ರಕಟವಾದ ಇನ್ನೊಂದು ಪ್ರಬಂಧದಲ್ಲಿ ಅವರು ತಮ್ಮದೊಂದು ಅನುಭವವನ್ನು ಹೇಳಿದ್ದಾರೆ. ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಸಂಚರಿಸುವಾಗ, ಕಾಡು ಕಡಿದು ಮಾಡಿದ ಹೊಲಗಳೂ ಒರಟಾದ ಮರದ ಗುಡಿಸಲುಗಳೂ ಅವರಿಗೆ ಬರಿಯ ವಿರೂಪವಾಗಿ ತೋರಿದವು. ಗಾಡಿ ಹೊಡೆಯುತ್ತಿದ್ದ ಬೆಟ್ಟದ ನಿವಾಸಿಯೊಬ್ಬನ ಮಾತು ಕೇಳಿದಾಗ ಅವರ ದೃಷ್ಟಿ ಬದಲಾಯಿತು. ಅಲ್ಲಿಯ ಜನರಿಗೆ ಆ ಮೋಟುಮರಗಳ ನೆಲ ತಮ್ಮ ಬೆವರಿನ, ಗೆಲುವಿನ, ಮಕ್ಕಳ ಭದ್ರತೆಯ ಕುರುಹಾಗಿತ್ತು. ಪರರ ಬದುಕಿನ ಸಾರ್ಥಕ್ಯವನ್ನು ಹೊರಗಿನಿಂದ ನಿಂತು ಅಳೆಯುವುದು ಕುರುಡುತನವೆಂದು ಜೇಮ್ಸ್ ಸಾರಿದರು. ಫಿಲಿಪೀನ್ಸ್ ದ್ವೀಪಗಳ ಜನರನ್ನು ತಮ್ಮ ದೇಶವೇ ಬಲದಿಂದ ಆಳಹೊರಟಾಗ ಅವರು ಬಹಿರಂಗವಾಗಿ ವಿರೋಧಿಸಿದರು. ಇದಕ್ಕೂ ಅದೇ ಮನೋಧರ್ಮ ಕಾರಣ.

ಎಡಿನ್‌ಬರೋದಲ್ಲಿ ನೀಡಿದ ಉಪನ್ಯಾಸಗಳನ್ನು ಆಧರಿಸಿದ 1902ರ ಗ್ರಂಥದಲ್ಲಿ ಅವರು ಧರ್ಮದ ಮೂಲವನ್ನು ಮಠಮಂದಿರಗಳಿಗಿಂತ ವ್ಯಕ್ತಿಯ ಏಕಾಂತದ ಅನುಭವದಲ್ಲಿ ಅರಸಿದರು. ಸಾಮೂಹಿಕ ಆಚರಣೆಗೆ ಅಲ್ಲಿ ದೊರೆತ ಸ್ಥಾನ ಕಿರಿದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಜೇಮ್ಸ್ ಅವರಿಗೂ ಶರಣರಿಗೂ ಐತಿಹಾಸಿಕ ಸಂಬಂಧವೇನೂ ಇಲ್ಲ. ಆದರೂ ಅಂಗೈಯ ಇಷ್ಟಲಿಂಗವನ್ನು ತಾನೇ ಪೂಜಿಸಿ, ದಾಸೋಹದಲ್ಲಿ ಹತ್ತು ಜನರೊಡನೆ ಬೆರೆಯುವ ಲಿಂಗವಂತರಿಗೆ ಈ ಕೊರತೆ ಬೇಗನೆ ಕಾಣುತ್ತದೆ. ಜೇಮ್ಸ್ ಎತ್ತಿಹಿಡಿದ ಸತ್ಯವೂ ಅಷ್ಟೇ ಬೇಗ ಮನಸ್ಸಿಗೆ ತಟ್ಟುತ್ತದೆ.

ಮಗನು ಹಿರಿಯರ ಅಂಗಡಿಯನ್ನೊಲ್ಲದೆ ಬೇರೊಂದು ಕಾಯಕವನ್ನು ಬಯಸಿದಾಗ, ಸೊಸೆ ಓದನ್ನು ಮುಂದುವರಿಸಬೇಕೆಂದಾಗ, ಮನೆಯವರು ತೀರ್ಪು ನೀಡುವ ಮೊದಲು ಅವರ ಮನದ ಮಾತನ್ನು ಕೇಳಬೇಕು. ಹಾಗೆ ಕೇಳಿದ ಮನೆಗೆ ಒಡಕಿನ ಭಯವಿಲ್ಲ.