ತರಗತಿಯಲ್ಲಿ ನ್ಯೂನತಾಭಾವ

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ಹಳ್ಳಿಗಳಿಂದ ಚಿತ್ರದುರ್ಗದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಊರ ಶಾಲೆಯಲ್ಲಿ ಮೊದಲಿಗರಾಗಿದ್ದವರು. ಇಲ್ಲಿಗೆ ಬಂದು ಕೆಲವು ವಾರ ಕಳೆಯುವುದರೊಳಗೆ ಅವರ ಬಾಯಿ ಕಟ್ಟಿಹೋಗುತ್ತದೆ. ಪಕ್ಕದವನು ಇಂಗ್ಲಿಷಿನಲ್ಲಿ ಥಟ್ಟನೆ ಉತ್ತರ ಕೊಡುತ್ತಾನೆ. 'ನಾನು ದಡ್ಡ, ಇಲ್ಲಿಗೆ ತಕ್ಕವನಲ್ಲ' ಎಂಬ ತೀರ್ಮಾನವು ಮನಸ್ಸಿನಲ್ಲಿ ಬೇರೂರುತ್ತದೆ. ಇದೊಂದೇ ಕಾರಣದಿಂದ ಓದನ್ನು ಬಿಟ್ಟು ಊರಿಗೆ ಹಿಂದಿರುಗುವವರೂ ಉಂಟು. ಆದುದರಿಂದ ಈ ತೀರ್ಮಾನಕ್ಕೆ ಆಧಾರವೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯಕ.

ಮೊದಲನೆಯದಾಗಿ, ಇಲ್ಲಿ ತೂಗುವ ತಕ್ಕಡಿಯೇ ಸರಿಯಿಲ್ಲ. ಪಕ್ಕದವನ ಮಾತು ನಮಗೆ ಕೇಳಿಸುತ್ತದೆ, ಅವನ ಸಂದೇಹ ಕೇಳಿಸುವುದಿಲ್ಲ. ನಮ್ಮ ಸಂದೇಹವಾದರೋ ಹಗಲಿರುಳೂ ಕೇಳಿಸುತ್ತಿರುತ್ತದೆ. ಎರಡನೆಯದಾಗಿ, ಭಾಷೆಯ ಅಭ್ಯಾಸವನ್ನೇ ಬುದ್ಧಿಯೆಂದು ಭ್ರಮಿಸುತ್ತೇವೆ. ಇಂಗ್ಲಿಷಿನಲ್ಲಿ ತಡವರಿಸಿದವನನ್ನು ಕನ್ನಡದಲ್ಲಿ ಕೇಳಿ ನೋಡಿದರೆ, ವಿಷಯವು ಅವನಿಗೆ ಎಷ್ಟೋ ವೇಳೆ ಚೆನ್ನಾಗಿಯೇ ತಿಳಿದಿರುತ್ತದೆ. ಹಿರಿಯೂರಿನ ಬಳಿಯ ಮಾರಿಕಣಿವೆಯ ಜಲಾಶಯವು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಅದು ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಣ 89 ವರ್ಷಗಳಲ್ಲಿಯೂ ಹಿರಿಯೂರಿನ ಹೊಲ ತೋಟಗಳು ಆ ನೀರನ್ನೇ ಉಂಡವು. ಕೋಡಿ ಹರಿಯದ ಕೆರೆಯೆಲ್ಲ ಬರಿದಾದ ಕೆರೆಯಲ್ಲ.

ಈ ಅಳುಕು ಒಬ್ಬರದಲ್ಲವೆಂಬ ಅರಿವೇ ಅರ್ಧ ಔಷಧ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಾಲ್ಟನ್ ಮತ್ತು ಕೊಹೆನ್ ಎಂಬವರು 2011ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 'ಮೊದಮೊದಲು ಎಲ್ಲರಿಗೂ ಹೀಗೆ ಅನ್ನಿಸುತ್ತದೆ, ಕಾಲಕ್ರಮದಲ್ಲಿ ಕಳೆಯುತ್ತದೆ' ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಹೊಸಬರಿಗೆ ಓದಿಸಲಾಯಿತು. ಒಂದು ಗಂಟೆಯಷ್ಟರ ಈ ಕಾರ್ಯದಿಂದ, ಅಲ್ಲಿನ ಆಫ್ರಿಕಾ ಮೂಲದ ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷಗಳಲ್ಲಿ ಉತ್ತಮಗೊಂಡುವು.

ಹಳ್ಳಿಯ ಹುಟ್ಟು ವಿದ್ಯೆಗೆ ಅಡ್ಡಿಯೂ ಅಲ್ಲ. ಇದೇ ಜಿಲ್ಲೆಯ ತಳುಕಿನಲ್ಲಿ 1885ರಲ್ಲಿ ಜನಿಸಿದ ತ. ಸು. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಕುವೆಂಪು ಅವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೆ.

ಹಾಗಾದರೆ ಮಾಡತಕ್ಕುದೇನು? ಪಾಠವಾದ ದಿನವೇ ಪುಸ್ತಕವನ್ನು ಮುಚ್ಚಿಟ್ಟು ಅದರ ಸಾರವನ್ನು ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಬರೆಯಿರಿ. ಲೇಖನಿ ಎಲ್ಲಿ ನಿಂತಿತೋ ಅಲ್ಲಿ ನಿಮ್ಮ ಪ್ರಶ್ನೆ ಇದೆ. ಮರುದಿನ ಅದನ್ನು ಕೇಳಿರಿ. ತಿಳಿದುದನ್ನು ಗೆಳೆಯನೊಬ್ಬನಿಗೆ ವಿವರಿಸಿರಿ. ಹೋಲಿಸಲೇಬೇಕೆಂದಿದ್ದರೆ ನಿಮ್ಮದೇ ಕಳೆದ ತಿಂಗಳ ಬರವಣಿಗೆಯೊಡನೆ ಹೋಲಿಸಿರಿ. ಅಷ್ಟಾದರೂ ಕೊರತೆ ಕಂಡರೆ, ಅದು ದುಡಿಮೆಯಿಂದ ತುಂಬಬಹುದಾದ ಕೊರತೆ. ಉಪಾಧ್ಯಾಯರಾದ ನಾವೂ ಪ್ರಶ್ನೆ ಹಾಕಿದ ಮೇಲೆ ಕೊಂಚ ಕಾಯಬೇಕು. ಮೊದಲು ಎದ್ದ ಕೈಯನ್ನೇ ನೋಡುತ್ತಿದ್ದರೆ, ನಿಧಾನವಾಗಿ ಯೋಚಿಸುವ ವಿದ್ಯಾರ್ಥಿಯ ಉತ್ತರವು ನಮಗೆ ಎಂದಿಗೂ ಕೇಳಿಸದು.